ಅಳಿಸಬೇಕಾದದ್ದು, ಉಳಿಸಬೇಕಾದದ್ದು: ಮನೆಯ ಕಂಪ್ಯೂಟರಿನಲ್ಲಿ ಜಾಗ ಮಾಡಿಕೊಳ್ಳುವ ಬಗೆ

(ನಾರಾಯಣಪುರದಲ್ಲಿ ಸಂಘದ ಸದಸ್ಯರು ಮತ್ತು ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹ ರೂಪ)



 

ವಿದ್ಯೆಯ ಮಹತ್ವದ ಬಗ್ಗೆ ಈ ವೇದಿಕೆಯಿಂದ ಅನೇಕ ವಿದ್ವಾಂಸರು ಮಾತಾಡಿದ್ದಾರೆ. ನಾನು ಇಂದು ಆರಿಸಿಕೊಂಡ ವಿಷಯ ಬಹಳ ಚಿಕ್ಕದು. ಮನೆಯ ಕಂಪ್ಯೂಟರಿನಲ್ಲಿ ಜಾಗ ತುಂಬಿಹೋದರೆ ಏನು ಮಾಡಬೇಕು? ಇದೂ ಒಂದು ವಿಷಯವೇ ಎಂದು ಕೆಲವರು ನಗಬಹುದು. ಆದರೆ ಬಸವಕಲ್ಯಾಣ, ಹುಮನಾಬಾದ ಕಡೆಯ ನಮ್ಮ ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಕಂಪ್ಯೂಟರ್. ಅಣ್ಣನ ಡಿಗ್ರಿ ಓದು, ತಂಗಿಯ ಎಸ್.ಎಸ್.ಎಲ್.ಸಿ. ಓದು, ಅಬ್ಬಾ ಅವರ ಅಂಗಡಿ ಲೆಕ್ಕ, ಅಮ್ಮಿಯವರ ಫೋಟೋಗಳು, ಮಾಮು ಅವರ ಮಗಳ ಶಾದಿಯ ವಿಡಿಯೋ, ಎಲ್ಲವೂ ಅದರೊಳಗೇ. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಅನೇಕ ತಂದೆ ತಾಯಂದಿರು ಸಾಲ ಮಾಡಿ ಹಳೆಯ ಕಂಪ್ಯೂಟರನ್ನೋ ಲ್ಯಾಪ್‌ಟಾಪನ್ನೋ ಕೊಂಡರು. ಅವುಗಳಲ್ಲಿ ಬಹಳಷ್ಟು ಇಂದು ತುಂಬಿ ನಿಂತಿವೆ.

"ಸರ್, ಕಂಪ್ಯೂಟರ್ ಬಾಳ ಸ್ಲೋ ಆಗ್ಯಾದ್ರಿ, ಜಾಗಾ ಇಲ್ಲಂತ ತೋರಸ್ಲತದ" ಎಂದು ವಿದ್ಯಾರ್ಥಿಗಳು ಬಂದು ಹೇಳುತ್ತಾರೆ. ಅಂಗಡಿಗೆ ಒಯ್ದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: "ಫಾರ್ಮ್ಯಾಟ್ ಹೊಡೀರಿ." ಫಾರ್ಮ್ಯಾಟ್ ಮಾಡಿದರೆ ಜಾಗವೇನೋ ಆಗುತ್ತದೆ. ಕಣಜದಲ್ಲಿ ಇಲಿ ಹೊಕ್ಕಿದೆ ಎಂದು ಕಣಜಕ್ಕೇ ಬೆಂಕಿ ಹಚ್ಚಿದರೂ ಇಲಿ ಹೋಗುತ್ತದೆ! ಜೋಳದ ಗತಿ ಏನು? ಆದ್ದರಿಂದ ಅಳಿಸುವುದನ್ನು ಕಲಿಯುವ ಮೊದಲು ಉಳಿಸುವುದನ್ನು ಕಲಿಯಬೇಕು. ಇಂದಿನ ನನ್ನ ಮಾತಿನ ತಿರುಳು ಇಷ್ಟೇ.

ಎರಡು ಮಾತು: ಇಸ್ರಾಫ್ ಮತ್ತು ಅಮಾನತ್

ನಮ್ಮ ದೀನ್ ನಮಗೆ ಎರಡು ಸಂಗತಿಗಳನ್ನು ಕಲಿಸಿದೆ. ಒಂದು, ಇಸ್ರಾಫ್ ಮಾಡಬಾರದು, ಅಂದರೆ ಅಗತ್ಯ ಮೀರಿ ಬಳಸಿ ಹಾಳು ಮಾಡಬಾರದು. ಇನ್ನೊಂದು, ಅಮಾನತನ್ನು ಕಾಪಾಡಬೇಕು, ಅಂದರೆ ನಮ್ಮ ಕೈಗೆ ಒಪ್ಪಿಸಿದ ವಸ್ತುವನ್ನು ಜೋಪಾನ ಮಾಡಬೇಕು. ನೀರಿಗೆ, ಅನ್ನಕ್ಕೆ, ಹಣಕ್ಕೆ ಅನ್ವಯಿಸುವ ಈ ಮಾತು ಕಂಪ್ಯೂಟರಿಗೂ ಅನ್ವಯಿಸುತ್ತದೆ. ಒಂದೇ ವಿಡಿಯೋದ ನಾಲ್ಕು ಪ್ರತಿ ಇಟ್ಟು ಜಾಗ ತುಂಬಿಸುವುದು ಇಸ್ರಾಫ್. ಮನೆಯವರ ದಾಖಲೆ, ತೀರಿಹೋದ ಹಿರಿಯರ ಚಿತ್ರ, ಅವರ ದನಿ, ಇವು ಅಮಾನತ್. ವಿಚಿತ್ರವೆಂದರೆ ನಮ್ಮ ಕಂಪ್ಯೂಟರುಗಳಲ್ಲಿ ಇಸ್ರಾಫಿನ ವಸ್ತುವಿಗೆ ನಾಲ್ಕು ಪ್ರತಿ, ಅಮಾನತಿನ ವಸ್ತುವಿಗೆ ಒಂದೇ ಪ್ರತಿ!

ಒಂದು ಮನೆಯ ಉದಾಹರಣೆ ಹೇಳುತ್ತೇನೆ. ವಿದ್ಯಾರ್ಥಿನಿಯೊಬ್ಬಳ ಮನೆಯ ಕಂಪ್ಯೂಟರ್ ತುಂಬಿತ್ತು. ಫಾರ್ಮ್ಯಾಟ್ ಮಾಡಿಸಲು ಅವಳ ಅಣ್ಣ ಹೊರಟು ನಿಂತಿದ್ದ. ಒಂದು ದಿನ ತಡೆಯಿರಿ ಎಂದು ಹೇಳಿ ಕುಳಿತು ನೋಡಿದೆವು. ಒಂದೇ ಮದುವೆಯ ವಿಡಿಯೋ ಮೂರು ಕಡೆ ಇತ್ತು. ಡೆಸ್ಕ್‌ಟಾಪ್ ಮೇಲೆ "ನ್ಯೂ ಫೋಲ್ಡರ್ 3" ಎಂಬ ಹೆಸರಿನೊಳಗೆ ಅವಳ ದಾದಾ ಅವರು ಮೊಮ್ಮಕ್ಕಳಿಗೆ ಹಳೆಯ ಕಥೆ ಹೇಳುವ ದನಿಮುದ್ರಣ ಇತ್ತು. ದಾದಾ ತೀರಿಹೋಗಿದ್ದರು. ಆ ದನಿ ಬೇರೆಲ್ಲೂ ಇರಲಿಲ್ಲ. ಅದರ ಗಾತ್ರ ಎಷ್ಟು ಗೊತ್ತೇ? ಒಂಬತ್ತು ಎಂ.ಬಿ. ಅಂದರೆ ಎರಡು ಮೂರು ಫೋಟೋಗಳಷ್ಟು. ಫಾರ್ಮ್ಯಾಟ್ ಮಾಡಿದ್ದರೆ ಮದುವೆಯ ವಿಡಿಯೋ ನೆಂಟರಿಷ್ಟರಲ್ಲಿ ಎಲ್ಲಾದರೂ ಸಿಗುತ್ತಿತ್ತು. ದಾದಾ ಅವರ ದನಿ ಎಲ್ಲಿ ಸಿಗುತ್ತಿತ್ತು?

ಇಲ್ಲಿ ಒಂದು ಮಾತನ್ನು ಗಮನಿಸಿರಿ. ಡೆಸ್ಕ್‌ಟಾಪ್ ಮೇಲೆ ಇಟ್ಟದ್ದು ಎಲ್ಲಿಯೂ ಜಾಗ ಹಿಡಿಯುವುದಿಲ್ಲವೆಂದು ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಇವೆಲ್ಲ ಸಾಮಾನ್ಯವಾಗಿ ಸಿ ಡ್ರೈವಿನಲ್ಲಿಯೇ ಇರುತ್ತವೆ. ಅಂಗಡಿಯವರು ಸಿ ಡ್ರೈವ್ ಫಾರ್ಮ್ಯಾಟ್ ಮಾಡಿದರೆ ಇವೂ ಹೋಗುತ್ತವೆ.

ಜಾಗದ ಲೆಕ್ಕ

ವಿದ್ಯಾರ್ಥಿಗಳೇ, ಈಗ ಸ್ವಲ್ಪ ಗಣಿತ ನೋಡೋಣ. ಕಂಪ್ಯೂಟರಿನ ಜಾಗವನ್ನು ಬೈಟ್‌ಗಳಲ್ಲಿ ಅಳೆಯುತ್ತಾರೆ. 1956ರಲ್ಲಿ ಐ.ಬಿ.ಎಂ. ಕಂಪನಿ ಹೊರತಂದ ಮೊದಲ ಹಾರ್ಡ್ ಡಿಸ್ಕಿನಲ್ಲಿ 24 ಇಂಚು ಅಗಲದ 50 ತಟ್ಟೆಗಳಿದ್ದವು. ಆ ಯಂತ್ರ ಒಂದು ಟನ್ನಿನಷ್ಟು ಭಾರವಿತ್ತು. ಅದರಲ್ಲಿ ಹಿಡಿಸುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳು ಮಾತ್ರ. ಇಂದು ನಿಮ್ಮ ಜೇಬಿನಲ್ಲಿರುವ ಫೋನಿನ ಒಂದೆರಡು ಫೋಟೋಗಳಿಗೆ ಅಷ್ಟೇ ಜಾಗ ಬೇಕು!

ಅಂಗಡಿಯಲ್ಲಿ 500 ಜಿ.ಬಿ. ಎಂದು ಕೊಂಡ ಡಿಸ್ಕ್ ಮನೆಯಲ್ಲಿ 465 ಜಿ.ಬಿ. ಎಂದೇ ತೋರಿಸುತ್ತದೆ. 256 ಜಿ.ಬಿ. ಎಂಬುದು 238 ಎಂದೂ, ಒಂದು ಟಿ.ಬಿ. ಎಂಬುದು 931 ಎಂದೂ ತೋರುತ್ತದೆ. ಅಂಗಡಿಯವನು ಮೋಸ ಮಾಡಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಅಷ್ಟೇ ವ್ಯತ್ಯಾಸ.

ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ನನಗೆ ಇನ್ನೊಂದು ಲೆಕ್ಕ ಬಹಳ ಇಷ್ಟ. ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಯೂನಿಕೋಡ್ ಪದ್ಧತಿಯ ಯು.ಟಿ.ಎಫ್.-8 ಕ್ರಮದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್, ಉರ್ದುವಿನ ಒಂದು ಅಕ್ಷರಕ್ಕೆ ಎರಡು ಬೈಟ್, ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟ್ ಬೇಕು. ಹಾಗಾದರೆ ಕನ್ನಡದಲ್ಲಿ ಬರೆದರೆ ಕಂಪ್ಯೂಟರ್ ತುಂಬಿಹೋಗುತ್ತದೆಯೇ? ಲೆಕ್ಕ ಹಾಕಿರಿ. ಒಂದು ಪುಟದಲ್ಲಿ 1500 ಚಿಹ್ನೆಗಳು ಎಂದುಕೊಳ್ಳೋಣ. ಅದಕ್ಕೆ 4500 ಬೈಟ್. 200 ಪುಟದ ಒಂದು ಪುಸ್ತಕದ ಬರೀ ಅಕ್ಷರಗಳಿಗೆ ಒಂಬತ್ತು ಲಕ್ಷ ಬೈಟ್. ಒಂದು ಎಂ.ಬಿ.ಯೂ ಆಗಲಿಲ್ಲ! ಆದರೆ ಫೋನಿನಲ್ಲಿ ತೆಗೆದ ಒಂದು ಫೋಟೋ ಮೂರು ನಾಲ್ಕು ಎಂ.ಬಿ. ಇರುತ್ತದೆ. ಒಂದು ನಿಮಿಷದ ಒಳ್ಳೆಯ ವಿಡಿಯೋ 100 ಎಂ.ಬಿ. ಆಸುಪಾಸು ಹೋಗುತ್ತದೆ. ಅಂದರೆ ಒಂದು ನಿಮಿಷದ ವಿಡಿಯೋ ಹಿಡಿಯುವ ಜಾಗದಲ್ಲಿ ನೂರು ಪುಸ್ತಕಗಳ ಬರಹ ಕೂಡುತ್ತದೆ.

ಇದರಿಂದ ನಾವು ಕಲಿಯಬೇಕಾದ ಪಾಠವೇನು? ಜಾಗ ಮಾಡಬೇಕೆಂದು ಪತ್ರಗಳನ್ನು, ನೋಟ್ಸ್‌ಗಳನ್ನು ಅಳಿಸುತ್ತ ಕೂರಬೇಡಿರಿ. ಅದರಿಂದ ಏನೂ ಸಿಗುವುದಿಲ್ಲ. ಮೊದಲು ವಿಡಿಯೋ, ನಂತರ ಫೋಟೋ, ನಂತರ ಆಟ ಮತ್ತು ಸಿನೆಮಾ ನೋಡಿರಿ. ವಿದ್ಯೆ ಸ್ವಲ್ಪ ಜಾಗ ಹಿಡಿಯುತ್ತದೆ, ಮನರಂಜನೆ ಬಹಳ ಜಾಗ ಹಿಡಿಯುತ್ತದೆ.

ಜಾಗ ತುಂಬಿದರೆ ಏಕೆ ತೊಂದರೆ?

ಕಂಪ್ಯೂಟರಿಗೂ ಕೆಲಸ ಮಾಡಲು ಅಂಗಳ ಬೇಕು. ಮೆಮೊರಿ ಸಾಲದಾದಾಗ ಅದು ಡಿಸ್ಕಿನ ಖಾಲಿ ಜಾಗವನ್ನು ಕಡ ತೆಗೆದುಕೊಳ್ಳುತ್ತದೆ. ಹೊಸ ಅಪ್‌ಡೇಟ್ ಇಳಿಸಿಕೊಂಡು ಬಿಚ್ಚಲೂ ಜಾಗ ಬೇಕು. ಜಾಗವಿಲ್ಲದಿದ್ದರೆ ಅಪ್‌ಡೇಟ್ ನಿಲ್ಲುತ್ತದೆ. ಅಪ್‌ಡೇಟ್ ನಿಂತರೆ ಭದ್ರತೆ ಕುಂದುತ್ತದೆ. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕಿಕೊಳ್ಳಲು ಡಿಸ್ಕ್ ಕನಿಷ್ಠ 64 ಜಿ.ಬಿ. ಇರಬೇಕೆಂಬ ನಿಯಮವಿದೆ, ಬೇರೆ ಷರತ್ತುಗಳೂ ಇವೆ. ಆದ್ದರಿಂದ ಸಿ ಡ್ರೈವಿನಲ್ಲಿ ಐದರಲ್ಲಿ ಒಂದು ಪಾಲು ಖಾಲಿ ಇರುವಂತೆ ನೋಡಿಕೊಳ್ಳುವುದು ಒಳ್ಳೆಯದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಮೊದಲ ಕೆಲಸ: ಅಮಾನತಿನ ಪಟ್ಟಿ

ಒಂದು ಕಾಗದ, ಒಂದು ಪೆನ್ನು ತೆಗೆದುಕೊಳ್ಳಿರಿ. ಮನೆಯವರೆಲ್ಲ ಕೂಡಿ ಕುಳಿತು, ಕಳೆದುಹೋದರೆ ಮತ್ತೆ ಸಿಗದ ವಸ್ತುಗಳನ್ನು ಬರೆಯಿರಿ. ವಿದ್ಯಾರ್ಥಿಗಳಿರುವ ಮನೆಯಲ್ಲಿ ಈ ಕೆಳಗಿನವು ಇರಲೇಬೇಕು:

1. ಜನನ ಪ್ರಮಾಣ ಪತ್ರ, ಆಧಾರ್, ಪಡಿತರ ಚೀಟಿಗಳ ಸ್ಕ್ಯಾನ್ ಪ್ರತಿಗಳು.
2. ಅಂಕಪಟ್ಟಿಗಳು, ವರ್ಗಾವಣೆ ಪತ್ರ, ವ್ಯಾಸಂಗ ಪ್ರಮಾಣ ಪತ್ರ.
3. ಜಾತಿ ಮತ್ತು ಆದಾಯ ಪ್ರಮಾಣ ಪತ್ರ. ನಮ್ಮ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಸಂವಿಧಾನದ 371(ಜೆ) ವಿಧಿಯ ಪ್ರಕಾರ ಸಿಗುವ ಸ್ಥಳೀಯ ಅಭ್ಯರ್ಥಿ ಪ್ರಮಾಣ ಪತ್ರ.
4. ವಿದ್ಯಾರ್ಥಿವೇತನದ ಅರ್ಜಿಯ ಸ್ವೀಕೃತಿ, ಅರ್ಜಿ ಸಂಖ್ಯೆ.
5. ಮನೆ, ಹೊಲದ ಪತ್ರಗಳು, ನಿಕಾಹ್‌ನಾಮಾ.
6. ಹಿರಿಯರ ಫೋಟೋ, ದನಿ, ಕೈಬರಹ.

ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಅರ್ಜಿ ಹಾಕುವ ಕೊನೆಯ ದಿನ ಪ್ರಮಾಣ ಪತ್ರ ಹುಡುಕುವ ವಿದ್ಯಾರ್ಥಿಯ ಪಾಡು ಏನೆಂದು ನಮಗೆಲ್ಲ ಗೊತ್ತಿದೆ. ಅದರ ಮೇಲೆ ನಮ್ಮ ಮಕ್ಕಳ ಹೆಸರಿನ ಸಮಸ್ಯೆ ಬೇರೆ. ಉರ್ದುವಿನಲ್ಲಿ ಒಂದು ರೀತಿ, ಕನ್ನಡದಲ್ಲಿ ಇನ್ನೊಂದು, ಇಂಗ್ಲಿಷಿನಲ್ಲಿ ಮತ್ತೊಂದು. ಮೊಹಮ್ಮದ್ ಎಂಬ ಒಂದು ಹೆಸರನ್ನೇ ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯುತ್ತಾರೆ! ಹೆಸರು ಸರಿಪಡಿಸಲು ಹೋದಾಗ ಹಳೆಯ ದಾಖಲೆಯೇ ಸಾಕ್ಷಿ. ಆದ್ದರಿಂದ ಇವನ್ನೆಲ್ಲ "ಅಮಾನತ್" ಎಂಬ ಒಂದೇ ಫೋಲ್ಡರಿನಲ್ಲಿ ಕೂಡಿಸಿರಿ. ಕಡತಕ್ಕೆ "ಸ್ಕ್ಯಾನ್ 0012" ಎಂದು ಬಿಡದೆ, ಯಾರದು, ಯಾವ ಪತ್ರ, ಯಾವ ವರ್ಷದ್ದು ಎಂದು ಹೆಸರಿಡಿರಿ.

ಸ್ಕ್ಯಾನ್ ಮಾಡುವಾಗಲೂ ಲೆಕ್ಕವಿರಲಿ. ಎ4 ಕಾಗದವನ್ನು 600 ಡಿ.ಪಿ.ಐ. ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಕುಗ್ಗಿಸದೆ ಇಟ್ಟರೆ ನೂರು ಎಂ.ಬಿ.ಗೂ ಮಿಕ್ಕಿ ಜಾಗ ಬೇಕು. ಅದೇ ಕಾಗದ 300 ಡಿ.ಪಿ.ಐ.ನಲ್ಲಿ ಬೂದು ಬಣ್ಣದಲ್ಲಿ ಒಂಬತ್ತು ಎಂ.ಬಿ. ಒಳಗೆ, ಜೆಪೆಗ್ ಅಥವಾ ಪಿ.ಡಿ.ಎಫ್. ಮಾಡಿದರೆ ಇನ್ನೂ ಬಹಳ ಕಡಿಮೆ. ಡಿ.ಪಿ.ಐ. ಎರಡು ಪಟ್ಟಾದರೆ ಗಾತ್ರ ನಾಲ್ಕು ಪಟ್ಟಾಗುತ್ತದೆ. ಅಕ್ಷರದ ಪತ್ರಗಳಿಗೆ 300 ಸಾಕು. ಅರ್ಜಿಗೆ ಇಷ್ಟೇ ಕೆ.ಬಿ. ಇರಬೇಕೆಂದು ಕೇಳಿದಾಗ ಮೂಲವನ್ನು ಕುಗ್ಗಿಸಬೇಡಿರಿ. ಅದರ ನಕಲು ಮಾಡಿ ನಕಲನ್ನು ಕುಗ್ಗಿಸಿರಿ.

ಎರಡನೆಯ ಕೆಲಸ: ಕಸ ಗುಡಿಸುವುದು

ಅಮಾನತ್ ಫೋಲ್ಡರನ್ನು ಬೇರೆ ಡಿಸ್ಕಿಗೆ ನಕಲು ಮಾಡಿ, ಅಲ್ಲಿ ತೆರೆದು ನೋಡಿ, ಸರಿಯಾಗಿದೆ ಎಂದಾದ ಮೇಲೆ ಪೊರಕೆ ಹಿಡಿಯಿರಿ.

ವಿಂಡೋಸ್ 10 ಅಥವಾ 11ರಲ್ಲಿ ಸೆಟ್ಟಿಂಗ್ಸ್ ತೆರೆದು, ಸಿಸ್ಟಮ್ ಒತ್ತಿ, ಸ್ಟೋರೇಜ್‌ಗೆ ಹೋಗಿರಿ. ಯಾವುದು ಎಷ್ಟು ಜಾಗ ಹಿಡಿದಿದೆ ಎಂದು ಅದೇ ತೋರಿಸುತ್ತದೆ. ಅಲ್ಲಿ ಟೆಂಪರರಿ ಫೈಲ್ಸ್ ಎಂದಿದೆ. ಅಪ್‌ಡೇಟಿನ ಉಳಿಕೆ, ತಾತ್ಕಾಲಿಕ ಕಡತ, ಚಿಕ್ಕ ಚಿತ್ರಗಳ ಸಂಗ್ರಹ, ಇವನ್ನು ತೆಗೆದರೆ ಹಾನಿಯಿಲ್ಲ. ಆದರೆ ಎಚ್ಚರಿಕೆ! ಅದೇ ಪಟ್ಟಿಯಲ್ಲಿ ಡೌನ್‌ಲೋಡ್ಸ್ ಎಂಬ ಹೆಸರೂ ಇರುತ್ತದೆ. ಅದಕ್ಕೆ ಟಿಕ್ ಹಾಕಿದರೆ ನೀವು ಇಳಿಸಿಕೊಂಡ ಹಾಲ್ ಟಿಕೆಟ್, ಪ್ರಮಾಣ ಪತ್ರ ಎಲ್ಲವೂ ಹೋಗುತ್ತವೆ. ಡೌನ್‌ಲೋಡ್ಸ್ ಅನ್ನು ಕಣ್ಣಾರೆ ನೋಡಿ ಕೈಯಾರೆ ಅಳಿಸಿರಿ.

ಹಳೆಯ ವಿಂಡೋಸ್ ಇರುವವರು ಸಿ ಡ್ರೈವಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ಗೆ ಹೋಗಿ, ಡಿಸ್ಕ್ ಕ್ಲೀನಪ್ ಒತ್ತಿದರೂ ಇದೇ ಕೆಲಸ ಆಗುತ್ತದೆ. ಹೊಸ ಆವೃತ್ತಿಗೆ ಏರಿದಾಗ ಹಿಂದಿನ ವಿಂಡೋಸ್ ಒಂದು ಫೋಲ್ಡರಿನಲ್ಲಿ ಉಳಿದು ಹಲವು ಜಿ.ಬಿ. ಹಿಡಿಯುತ್ತದೆ. ವಿಂಡೋಸ್ ಸಾಮಾನ್ಯವಾಗಿ ಹತ್ತು ದಿನದ ಮೇಲೆ ತಾನೇ ಅದನ್ನು ಅಳಿಸುತ್ತದೆ. ಅಷ್ಟರಲ್ಲಿ ಹೊಸದು ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಿಕೊಳ್ಳಿರಿ, ಏಕೆಂದರೆ ಅದು ಹೋದ ಮೇಲೆ ಹಿಂದಿರುಗುವ ದಾರಿ ಇಲ್ಲ.

ಇನ್ನು ರಿಸೈಕಲ್ ಬಿನ್. ಡಿಲೀಟ್ ಒತ್ತಿದ ವಸ್ತು ಅಲ್ಲಿ ಹೋಗಿ ಕೂರುತ್ತದೆ, ಜಾಗ ಬಿಡುವುದಿಲ್ಲ. ಮನೆಯ ಕಸವನ್ನು ಬಾಗಿಲ ಹಿಂದೆ ಗುಡಿಸಿಟ್ಟಂತೆ! ಅದನ್ನು ಖಾಲಿ ಮಾಡಿದಾಗಲೇ ಜಾಗ ಸಿಗುವುದು. ಖಾಲಿ ಮಾಡುವ ಮೊದಲು ಒಮ್ಮೆ ಒಳಗೆ ಇಣುಕಿರಿ. ಪೆನ್ ಡ್ರೈವಿನಿಂದ ಅಳಿಸಿದ್ದು ಸಾಮಾನ್ಯವಾಗಿ ರಿಸೈಕಲ್ ಬಿನ್ನಿಗೆ ಬರುವುದಿಲ್ಲ, ನೇರವಾಗಿ ಹೋಗುತ್ತದೆ. ಇದನ್ನು ಮರೆಯಬೇಡಿರಿ.

ಮೂರನೆಯ ಕೆಲಸ: ದೊಡ್ಡದನ್ನು ಹುಡುಕುವುದು

ಫೋಲ್ಡರ್ ತೆರೆದು ಗಾತ್ರದ ಕ್ರಮದಲ್ಲಿ ಜೋಡಿಸಿದರೆ ದೊಡ್ಡ ಕಡತಗಳು ಮೇಲೆ ಬರುತ್ತವೆ. ನಮ್ಮ ಮನೆಗಳಲ್ಲಿ ಹೆಚ್ಚಿನ ಜಾಗ ತಿನ್ನುವುದು ನಕಲುಗಳು. ಒಂದು ಲೆಕ್ಕ ನೋಡಿರಿ. ಫೋನ್ ತುಂಬಿತೆಂದು ರಂಜಾನ್ ಈದಿಗೆ 10 ಜಿ.ಬಿ. ಕಂಪ್ಯೂಟರಿಗೆ ನಕಲು ಮಾಡಿದಿರಿ, ಫೋನಿನಿಂದ ಅಳಿಸಲಿಲ್ಲ. ಬಕ್ರೀದಿಗೆ ಫೋನಿನಲ್ಲಿ 20 ಜಿ.ಬಿ. ಆಯಿತು, ಮತ್ತೆ ಹೊಸ ಫೋಲ್ಡರ್. ಮುಂದಿನ ವರ್ಷ 30 ಜಿ.ಬಿ., ಮತ್ತೊಂದು ಫೋಲ್ಡರ್. ಒಟ್ಟು 60 ಜಿ.ಬಿ. ಹೋಯಿತು, ಒಳಗಿರುವ ನಿಜವಾದ ಸರಕು 30 ಜಿ.ಬಿ. ಮಾತ್ರ. ಕೊನೆಯ ಫೋಲ್ಡರಿನಲ್ಲಿ ಹಿಂದಿನವೆಲ್ಲ ಇವೆಯೇ ಎಂದು ಖಾತ್ರಿ ಮಾಡಿಕೊಂಡು ಮೊದಲಿನ ಎರಡನ್ನು ತೆಗೆಯಬಹುದು.

ವಾಟ್ಸ್ಆ್ಯಪ್ ಫೋಲ್ಡರಿನಲ್ಲಿ ಬಂದದ್ದಲ್ಲದೆ ನಾವು ಕಳಿಸಿದ್ದರ ಪ್ರತಿಗಳೂ ಇರುತ್ತವೆ. ದಿನದ ಶುಭಾಶಯದ ಹೂವಿನ ಚಿತ್ರಗಳು, ಹತ್ತು ಗುಂಪುಗಳಿಂದ ಬಂದ ಒಂದೇ ವಿಡಿಯೋ, ಇವನ್ನು ಧೈರ್ಯವಾಗಿ ಅಳಿಸಿರಿ. ಆದರೆ ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಕಳಿಸಿದ ಫೋಟೋ ಕುಗ್ಗಿರುತ್ತದೆ. ಮನೆಯ ಮುಖ್ಯ ಫೋಟೋದ ಮೂಲ ಇಟ್ಟುಕೊಳ್ಳಿರಿ, ಕುಗ್ಗಿದ್ದನ್ನು ಬಿಡಿರಿ. ಅನೇಕರು ಇದಕ್ಕೆ ಉಲ್ಟಾ ಮಾಡುತ್ತಾರೆ.

ನಾಲ್ಕನೆಯದು: ಮುಟ್ಟಬಾರದ ವಸ್ತುಗಳು

ವಿಂಡೋಸ್ ಎಂಬ ಫೋಲ್ಡರಿನೊಳಗೆ ಕೈ ಹಾಕಬೇಡಿರಿ. ಬೇಡವಾದ ಆಟವನ್ನು ಅದರ ಫೋಲ್ಡರ್ ಅಳಿಸಿ ತೆಗೆಯಬೇಡಿರಿ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್‌ಗೆ ಹೋಗಿ ಅನ್‌ಇನ್‌ಸ್ಟಾಲ್ ಮಾಡಿರಿ.

ಮುಖ್ಯವಾಗಿ ಫಾಂಟ್‌ಗಳ ಬಗ್ಗೆ. ನಮ್ಮ ಸಂಘ ಸಂಸ್ಥೆಗಳ, ಶಾಲೆಗಳ ಹಳೆಯ ಪತ್ರ, ವರದಿ, ಪ್ರಶ್ನೆಪತ್ರಿಕೆಗಳು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿವೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ನಮ್ಮ ಕಛೇರಿಗಳಲ್ಲಿ ಮನೆಮಾತಾಗಿತ್ತು. ಆ ಹಳೆಯ ಫಾಂಟನ್ನು ತೆಗೆದರೆ ಕನ್ನಡದ ಬರಹವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಾಣುತ್ತದೆ. ಉರ್ದುವಿನಲ್ಲಿ ಇನ್‌ಪೇಜ್ ತಂತ್ರಾಂಶದ ಕಥೆಯೂ ಇದೇ. 1990ರ ದಶಕದಿಂದ ಉರ್ದು ಮುದ್ರಣದ ಬಹುಪಾಲು ಕೆಲಸ ಅದರಲ್ಲೇ ಆಗಿದೆ. ಇನ್‌ಪೇಜ್ ತೆಗೆದುಬಿಟ್ಟರೆ ಅದರ ಕಡತಗಳು ಸುಲಭವಾಗಿ ತೆರೆಯುವುದಿಲ್ಲ. "ಇದೇನೋ ತೆರೆಯದ ಹಳೆಯ ಫೈಲು" ಎಂದು ಮುಂದಿನವರು ಅಳಿಸಿಬಿಡುತ್ತಾರೆ. ಹಾಗಾಗಬಾರದು. ತೆಗೆಯುವ ಮೊದಲು ಎಲ್ಲವನ್ನೂ ಪಿ.ಡಿ.ಎಫ್. ಮಾಡಿರಿ, ಸಾಧ್ಯವಾದರೆ ಯೂನಿಕೋಡ್‌ಗೆ ಬದಲಾಯಿಸಿರಿ. ಇದು ಒಂದು ಮನೆಯ ಕೆಲಸವಲ್ಲ, ಸಂಘದ ಕೆಲಸ. ಎರಡೂ ಭಾಷೆ ಬಲ್ಲ ವಿದ್ಯಾರ್ಥಿಗಳು ಇದಕ್ಕೆ ಮುಂದೆ ಬರಬೇಕೆಂದು ವಿನಂತಿಸುತ್ತೇನೆ.

ಇಂಟರ್ನೆಟ್ ನೋಡುವಾಗ "ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ, ಒಂದು ಕ್ಲಿಕ್ಕಿನಲ್ಲಿ ಸ್ವಚ್ಛ ಮಾಡುತ್ತೇವೆ" ಎಂದು ಬರುವ ಜಾಹೀರಾತನ್ನು ನಂಬಬೇಡಿರಿ. ಮನೆ ಗುಡಿಸಲು ಅಪರಿಚಿತನ ಕೈಗೆ ಬೀಗದ ಕೈ ಕೊಡುವವರಿದ್ದಾರೆಯೇ? ವಿಂಡೋಸ್‌ನಲ್ಲಿರುವ ಪೊರಕೆಯೇ ಸಾಕು.

ಐದನೆಯದು: ಬೇರೆ ಕಡೆ ಇಡುವುದು

ಡಿ ಡ್ರೈವ್ ಇದ್ದವರು ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರುಗಳನ್ನು ಅಲ್ಲಿಗೆ ಸಾಗಿಸಬಹುದು. ಫೋಲ್ಡರಿನ ಪ್ರಾಪರ್ಟೀಸ್‌ನಲ್ಲಿ ಲೊಕೇಶನ್ ಎಂಬಲ್ಲಿ ಇದಕ್ಕೆ ಅವಕಾಶವಿದೆ. ಡಿ ಡ್ರೈವಿನಲ್ಲಿ ಮೊದಲೇ ಒಂದು ಹೊಸ ಫೋಲ್ಡರ್ ಮಾಡಿಕೊಂಡು ಅದನ್ನೇ ಆರಿಸಿರಿ. ಇದರಿಂದ ಸಿ ಡ್ರೈವ್ ಹಗುರಾಗುತ್ತದೆ. ಆದರೆ ನಮ್ಮ ಮನೆಗಳಲ್ಲಿ ಸಿ ಮತ್ತು ಡಿ ಎರಡೂ ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಕೋಣೆಗಳು. ಡಿಸ್ಕ್ ಕೆಟ್ಟರೆ ಎರಡೂ ಹೋಗುತ್ತವೆ. ಡಿ ಡ್ರೈವಿನಲ್ಲಿ ಇಟ್ಟದ್ದನ್ನು ಬ್ಯಾಕಪ್ ಎನ್ನಲಾಗದು.

ಬ್ಯಾಕಪ್ಪಿಗೆ ತಿಳಿದವರು ಹೇಳುವ ನಿಯಮ ಮೂರು, ಎರಡು, ಒಂದು. ಮೂರು ಪ್ರತಿಗಳಿರಲಿ, ಎರಡು ಬೇರೆ ಬೇರೆ ಸಾಧನಗಳಲ್ಲಿರಲಿ, ಒಂದು ಪ್ರತಿ ಮನೆಯ ಹೊರಗಿರಲಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ದುಷ್ಟ ತಂತ್ರಾಂಶ 150ಕ್ಕೂ ಹೆಚ್ಚು ದೇಶಗಳ ಕಂಪ್ಯೂಟರುಗಳಲ್ಲಿ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಬೇರೆ ಡಿಸ್ಕಿನಲ್ಲಿ ಪ್ರತಿ ಇಟ್ಟು, ಅದನ್ನು ಬಿಚ್ಚಿ ಕಪಾಟಿನಲ್ಲಿಟ್ಟವರು ಅಂಥ ಹೊತ್ತಿನಲ್ಲಿ ನೆಮ್ಮದಿಯಾಗಿರುತ್ತಾರೆ. ಪೆನ್ ಡ್ರೈವ್ ಸಾಗಿಸಲು ಒಳ್ಳೆಯದು, ವರ್ಷಗಟ್ಟಲೆ ಕಾಪಾಡಲು ಅದನ್ನೇ ನಂಬಬಾರದು. ಅಗ್ಗದ ಬೆಲೆಗೆ ಎರಡು ಟಿ.ಬಿ. ಎಂದು ಮಾರುವ ಪೆನ್ ಡ್ರೈವುಗಳಲ್ಲಿ ನಕಲಿ ಬಹಳ. ಒಳಗೆ ಸ್ವಲ್ಪವೇ ಜಾಗವಿದ್ದು ಉಳಿದದ್ದು ಬರೀ ತೋರಿಕೆ.

ಗೂಗಲ್ ಖಾತೆಯಲ್ಲಿ ಎಲ್ಲ ಸೇರಿ 15 ಜಿ.ಬಿ. ಉಚಿತ. 2021ರ ಜೂನ್ 1ರಿಂದ ಹೊಸ ಫೋಟೋಗಳೂ ಈ ಲೆಕ್ಕಕ್ಕೇ ಸೇರುತ್ತವೆ. ವಾಟ್ಸ್ಆ್ಯಪ್ ಬ್ಯಾಕಪ್ಪೂ ಈಗ ಇದರಲ್ಲೇ. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಬಹುದು. ದುಡಿಯಲು ಹೊರದೇಶಕ್ಕೆ ಹೋದವರ ಅಥವಾ ತೀರಿಹೋದವರ ಖಾತೆಯಲ್ಲಿ ಮನೆಯ ಫೋಟೋಗಳಿದ್ದರೆ ಬೇಗ ಇಳಿಸಿಕೊಳ್ಳಿರಿ. 2015ರಲ್ಲಿ ಆರಂಭವಾದ ಸರ್ಕಾರದ ಡಿಜಿಲಾಕರ್‌ನಲ್ಲಿ ಇಲಾಖೆ ನೇರವಾಗಿ ಒದಗಿಸಿದ ದಾಖಲೆಗೆ ಮೂಲದಷ್ಟೇ ಬೆಲೆ. ನೀವೇ ಸ್ಕ್ಯಾನ್ ಮಾಡಿ ಏರಿಸಿದ್ದಕ್ಕೆ ಆ ಬೆಲೆಯಿಲ್ಲ. ಈ ಭೇದ ತಿಳಿದಿರಲಿ.

ನಮ್ಮ ಮಣ್ಣಿನ ಪಾಠ

ಬಂಧುಗಳೇ, ಒಂದೇ ಕಡೆ ಇಡಬಾರದು ಎಂಬ ಪಾಠ ಹೊಸದಲ್ಲ. ನಮ್ಮ ಬೀದರಿನಲ್ಲಿ ಖ್ವಾಜಾ ಮಹಮೂದ್ ಗವಾನರು 1472ರಲ್ಲಿ ಮದರಸಾ ಕಟ್ಟಿಸಿದರು. ಅದರ ಗ್ರಂಥಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ. 1696ರಲ್ಲಿ ಮದ್ದು ಸಿಡಿದು ಕಟ್ಟಡದ ಒಂದು ಭಾಗ ಉರುಳಿತು. ಬಣ್ಣದ ಹೆಂಚಿನ ಮಿನಾರ್ ಇಂದಿಗೂ ನಿಂತಿದೆ, ಆ ಪುಸ್ತಕಗಳು ಅಲ್ಲಿಲ್ಲ.

ಇತ್ತ ನಮ್ಮ ಕಲ್ಯಾಣದ ಕಥೆ ನೋಡಿರಿ. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿ ಗಲಭೆಯಾದಾಗ ಶರಣರು ವಚನಗಳ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ, ಬೇರೆ ಬೇರೆ ಊರುಗಳ ಕಡೆಗೆ ನಡೆದರೆಂದು ಪರಂಪರೆ ಹೇಳುತ್ತದೆ. ಮನೆಮನೆಗಳಲ್ಲಿ, ಮಠಗಳಲ್ಲಿ ತಾಳೆಗರಿಗಳು ಉಳಿದವು. ಶತಮಾನಗಳ ಮೇಲೆ ಫ.ಗು. ಹಳಕಟ್ಟಿಯವರು ಅವನ್ನು ಹುಡುಕಿ ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ಹಲವು ಮನೆಗಳಲ್ಲಿ ಇದ್ದುದರಿಂದ ಅವು ಉಳಿದವು. ಪವಿತ್ರ ಕುರ್‌ಆನ್ ಹಾಫಿಜರ ಎದೆಯಲ್ಲೂ ಇತ್ತು, ಬರಹದಲ್ಲೂ ಇತ್ತು. ಹಜರತ್ ಉಸ್ಮಾನರ ಕಾಲದಲ್ಲಿ ಅದರ ಪ್ರತಿಗಳನ್ನು ಬೇರೆ ಬೇರೆ ಪಟ್ಟಣಗಳಿಗೆ ಕಳಿಸಲಾಯಿತು. ಇದನ್ನು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಯದಾಗಿ

ಇನ್ನೆರಡು ಮಾತು ಹೇಳಿ ಮುಗಿಸುತ್ತೇನೆ. ತಪ್ಪಿ ಏನಾದರೂ ಅಳಿಸಿದರೆ ಕೂಡಲೇ ಕಂಪ್ಯೂಟರ್ ಬಳಸುವುದನ್ನು ನಿಲ್ಲಿಸಿರಿ. ಹಳೆಯ ಹಾರ್ಡ್ ಡಿಸ್ಕಿನಲ್ಲಿ ಅದರ ಮೇಲೆ ಹೊಸದು ಬರೆಯುವ ತನಕ ಮರಳಿ ಪಡೆಯುವ ಆಸೆಯಿರುತ್ತದೆ, ಹೊಸ ಎಸ್.ಎಸ್.ಡಿ.ಗಳಲ್ಲಿ ಆ ಆಸೆ ಬಹಳ ಕಡಿಮೆ. ಇದೇ ಕಾರಣಕ್ಕೆ ಕಂಪ್ಯೂಟರ್ ಮಾರುವಾಗ ಬರೀ ಡಿಲೀಟ್ ಸಾಲದು. ರೀಸೆಟ್ ಮಾಡುವಾಗ ಎಲ್ಲವನ್ನೂ ಪೂರ್ತಿ ಅಳಿಸುವ ಆಯ್ಕೆಯನ್ನು ಒತ್ತಿರಿ. ಝೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಹಾಕಿಸಿದಾಗ ನಿಮ್ಮ ಆಧಾರ್ ಅಂಗಡಿಯ ಕಂಪ್ಯೂಟರಿನಲ್ಲಿ ಉಳಿಯುತ್ತದೆ. "ಭಾಯಿ, ಅಳಿಸಿ ರಿಸೈಕಲ್ ಬಿನ್ನೂ ಖಾಲಿ ಮಾಡ್ರಿ" ಎಂದು ಕೇಳಲು ಸಂಕೋಚ ಬೇಡ. ಹೆಣ್ಣುಮಕ್ಕಳ ಫೋಟೋ, ದಾಖಲೆಗಳ ವಿಷಯದಲ್ಲಿ ಇದು ಇನ್ನೂ ಅಗತ್ಯ.

ವಿದ್ಯಾರ್ಥಿಗಳೇ, ಈ ವಾರ ನಿಮ್ಮ ಮನೆಯಲ್ಲಿ ಅಮಾನತಿನ ಪಟ್ಟಿ ಬರೆಯಿರಿ. ಮುಂದಿನ ವಾರ ಒಂದು ಪ್ರತಿ ಮಾಡಿ ಖಾಲಾ ಅವರ ಮನೆಯಲ್ಲೋ ಚಾಚಾ ಅವರ ಮನೆಯಲ್ಲೋ ಇಡಿರಿ. ಅದಾದ ಮೇಲೆ ಕಸ ಗುಡಿಸಿರಿ. ಕಂಪ್ಯೂಟರ್ ಇಲ್ಲದ ಮನೆಯ ಗೆಳೆಯರಿದ್ದರೆ ಅವರ ಪ್ರಮಾಣ ಪತ್ರಗಳಿಗೂ ನೀವು ಉಳಿಸಿದ ಜಾಗದಲ್ಲಿ ಒಂದು ಮೂಲೆ ಕೊಡಿರಿ, ಅವರ ಮನೆಯವರ ಒಪ್ಪಿಗೆ ಪಡೆದು. ಹತ್ತು ಪತ್ರಗಳಿಗೆ ಒಂದು ವಿಡಿಯೋದ ಜಾಗವೂ ಬೇಡ. ಆ ಹತ್ತು ಪತ್ರಗಳಿಂದ ಒಂದು ಮಗುವಿನ ಒಂದು ವರ್ಷದ ಓದು ಉಳಿಯಬಹುದು.

 ಅಲ್ಲಾಹನು ನಮ್ಮ ಮಕ್ಕಳ ಇಲ್ಮ್‌ನಲ್ಲಿ ಬರಕತ್ ನೀಡಲಿ, ಆಮೀನ್.

ಖುದಾ ಹಾಫಿಜ್. ಜೈ ಹಿಂದ್, ಜೈ ಕರ್ನಾಟಕ.